ಪಿಯಾನೊ ಕಲಿಸಿದ ಗೊಂಬೆಗಳು

ನಾನು ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ದೊಡ್ಡ ಅಧಿಕಾರಿಯ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕಿದ್ದೆ. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಅಧಿಕಾರಿಗಳ ಕ್ಲಬ್ಬಿನಲ್ಲೊಂದು ಪಿಯಾನೊ ಇತ್ತು. ಬಾರಿಸುವವರು ಯಾರೂ ಇರಲಿಲ್ಲ. ಬೆಂಗಳೂರಿನವರ ಮಕ್ಕಳಿಗೆ ಬರುತ್ತದೆ, ನಮ್ಮವಕ್ಕೂ ಬರಲಿ ಎಂದು ಹೆಂಗಸರು ಹಟ ಹಿಡಿದರು. ಅವರಿಗೆ ಬೇಕಾಗಿದ್ದು ಸಂಗೀತವಲ್ಲ, ಜಂಬ.

ಶಿವಮೊಗ್ಗದಿಂದ ಒಬ್ಬ ಟೀಚರಮ್ಮ ಶನಿವಾರ ಶನಿವಾರ ರೈಲಿನಲ್ಲಿ ಬರತೊಡಗಿದಳು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಇಬ್ಬರ ಅನ್ನವೂ ಈ ಪಾಠದಲ್ಲೇ.

ಆಕೆ ಪಾಠಕ್ಕಿಂತ ಆಟ ಆಡಿಸಿದ್ದೇ ಹೆಚ್ಚು. ಸಂಕ್ರಾಂತಿಗೆ ತಪ್ಪದೆ ಬಾರಿಸಿದವರಿಗೆ ಸಕ್ಕರೆ ಅಚ್ಚು. ಮಳೆಗಾಲದಲ್ಲಿ ಚೆನ್ನೆಮಣೆ ಇಟ್ಟು, ಗುಳಿಗೊಂದು ಹುಣಸೆಬೀಜ ಹಾಕುತ್ತಾ ಪಿಯಾನೊದ ಒಂದೊಂದು ಸ್ವರದ ಮನೆ ಒತ್ತಿಸಿದಳು. ಸಂಕ್ರಾಂತಿಗೆ ತಪ್ಪದೆ ಬಾರಿಸಿದವರಿಗೆ ಸಕ್ಕರೆ ಅಚ್ಚು. ನಮ್ಮ ಅಡುಗೆಯವಳು, ಇದೂ ಒಂದು ವಿದ್ಯೆಯೇನೇ ಮಾರಾಯ್ತಿ, ಹಾಗಾದರೆ ನಮ್ಮಜ್ಜಿಯೂ ಮಾಸ್ತರಿಣಿಯೇ ಎಂದು ನಗುತ್ತಿದ್ದಳು. ನಾನೂ ನಕ್ಕಿದ್ದೇನೆ.

ನವರಾತ್ರಿ ಹತ್ತಿರ ಬಂತು. ಮಕ್ಕಳಿಂದಲೇ ಮಣ್ಣಿನ ಗೊಂಬೆ ಮಾಡಿಸಿ, ಪಿಯಾನೊ ಎದುರಿಗೆ ಐದು ಮೆಟ್ಟಿಲು ಹೂಡಿ ಕೂರಿಸಿದಳು. ಮೆಟ್ಟಿಲಿಗೊಂದು ಸ್ವರ. ಕೋಲಿನಿಂದ ಯಾವ ಗೊಂಬೆ ಮುಟ್ಟಿದರೆ ಆ ಸ್ವರ ಒತ್ತಬೇಕು. ಟೀಚರಮ್ಮ ತಾನೇ ಕರೆದು ಸೇರಿಸಿಕೊಂಡಿದ್ದ, ಕಾರ್ಖಾನೆಯ ಸ್ಟೋರ್ ಗುಮಾಸ್ತನ ಮಗಳು ಮಾಡಿದ ಕೃಷ್ಣ ಮೇಲಿನ ಮೆಟ್ಟಿಲಿಗೆ ಹೋಯಿತು. ನಾನು ನೋಡಿಕೊಳ್ಳುತ್ತಿದ್ದ ಹುಡುಗಿ ಹೊಟ್ಟೆ ಬಿಟ್ಟ ಶೆಟ್ಟಿಯನ್ನು ಮಾಡಿತ್ತು. ಗೊಂಬೆ ಹಬ್ಬದಲ್ಲಿ ಶೆಟ್ಟಿಯ ಜಾಗ ಯಾವತ್ತಿದ್ದರೂ ಕೆಳಗೇ. ಮಕ್ಕಳು ಗೊಂಬೆ ನೋಡಿ ಚೆನ್ನಾಗಿಯೇ ಬಾರಿಸಿದವು.

ಬೆಂಗಳೂರಿನಿಂದ ಕಾರ್ಖಾನೆಯ ದೊಡ್ಡ ಸಾಹೇಬರು ಹಬ್ಬದೊಳಗೆ ಬಂದು ಮಕ್ಕಳ ಪಿಯಾನೊ ಕೇಳುವುದಿತ್ತು. ಮಕ್ಕಳು ಬಾರಿಸದಿದ್ದರೆ ಪಾಠ ನಿಲ್ಲಿಸುತ್ತೇವೆ ಎಂದು ಹೆಂಗಸರು ಮೊದಲೇ ಹೇಳಿದ್ದರು. ಸಾಹೇಬರು ಬಂದಿದ್ದು ವಿಜಯದಶಮಿ ಕಳೆದ ಮೇಲೆ. ಅಷ್ಟರಲ್ಲಿ ಪದ್ಧತಿಯಂತೆ ಒಂದು ಗೊಂಬೆಯನ್ನು ಮಲಗಿಸಿ, ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಮನೆಗೆ ತರಿಸಿ ನಮ್ಮ ಯಜಮಾನಿ ಬೀಗ ಜಡಿದಿದ್ದಳು. ಸಾಹೇಬರು ಕೇಳಲು ಬರುವ ದಿನ ಬೆಳಿಗ್ಗೆ ಅಭ್ಯಾಸಕ್ಕೆ ಕೂರಿಸಿದರೆ, ಗೊಂಬೆ ಕಾಣದೆ ಮಕ್ಕಳ ಬೆರಳೇ ಏಳಲಿಲ್ಲ.

ಟೀಚರಮ್ಮ ಮನೆಗೇ ಬಂದು ಕೇಳಿದಳು. "ಐದೇ ಗೊಂಬೆ ಕೊಡಿ ಅಮ್ಮಾ. ಸಂಜೆಗೆ ವಾಪಸ್ ತಂದ್ಕೊಡ್ತೀನಿ."

"ಮಲಗಿಸಿದ ಗೊಂಬೆ ಎಬ್ಬಿಸ್ತಾರೇನ್ರೀ? ಮನೆಗೆ ಒಳ್ಳೇದಲ್ಲ."

ಆಕೆ ಕ್ಲಬ್ಬಿಗೆ ಹೋಗಿ ಪಿಯಾನೊವನ್ನು ಬಾಗಿಲ ಬಳಿಗೆ ನೂಕಿಸಿದಳು. ಹೊರಗಿನ ಕಲ್ಲು ಮೆಟ್ಟಿಲುಗಳ ಮೇಲೆ, ಗೊಂಬೆ ಮಾಡಿದ ಮಕ್ಕಳನ್ನೇ ಅವರವರ ಗೊಂಬೆಯ ಜಾಗದಲ್ಲಿ ನಿಲ್ಲಿಸಿದಳು. ಸಾಹೇಬರೆದುರು ಟೀಚರಮ್ಮ ಯಾವ ಮಗುವಿನತ್ತ ಕೋಲು ತೋರಿದಳೋ ಅದು ಕೈ ಎತ್ತಿತು. ಕಾರ್ಖಾನೆಯ ಡಾಕ್ಟರರ ಹುಡುಗ ಅದನ್ನು ನೋಡಿ ಬಾರಿಸಿದ. ಒಂದೂ ತಪ್ಪಲಿಲ್ಲ. ಸಾಹೇಬರು ನಕ್ಕು, ತಮಗೆ ಹಾಕಿದ್ದ ಹೂವಿನ ಹಾರ ತೆಗೆದು ಎಲ್ಲರಿಗಿಂತ ಮೇಲೆ ನಿಂತಿದ್ದ ಗುಮಾಸ್ತನ ಮಗಳಿಗೆ ಹಾಕಿದರು.

ಟೀಚರಮ್ಮನಿಗೆ ಸ್ವರ ಗೊತ್ತಿತ್ತು, ಬಂಗಲೆಯ ಹೆಂಗಸರು ಗೊತ್ತಿರಲಿಲ್ಲ. ಸಾಹೇಬರ ಕಾರು ಹೊರಡುವುದನ್ನೇ ನಮ್ಮ ಯಜಮಾನಿ ಕಾದಳು.

"ಗುಮಾಸ್ತನ ಮಗಳು ದೇವರು, ನನ್ನ ಮಗಳು ಕೆಳಗೆ ಶೆಟ್ಟಿ. ಚೆನ್ನಾಗಿದೆ ನಿಮ್ಮ ಪಾಠ."

"ಅದು ಅವಳೇ ಇಷ್ಟಪಟ್ಟು ಮಾಡಿದ ಗೊಂಬೆ ಅಮ್ಮಾ."

"ಮುಂದಿನ ಶನಿವಾರ ನೀವು ರೈಲು ಹತ್ತೋದು ಬೇಡ."

ಉಳಿದ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾ ನಿಂತರು. ಮಕ್ಕಳು ಬಾರಿಸಿದರಲ್ಲ ಎಂದು ಒಬ್ಬಳೂ ಅನ್ನಲಿಲ್ಲ. ಡಾಕ್ಟರರ ಹೆಂಡತಿಯೂ ಅನ್ನಲಿಲ್ಲ. ಟೀಚರಮ್ಮ ಕೋಲನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದಳು.

ಮರುವರ್ಷ ಯಜಮಾನಿ ಅಂಗಡಿಯಿಂದ ದೊಡ್ಡ ಕೃಷ್ಣನನ್ನು ತಂದು, ಮಗಳು ಮಾಡಿದ್ದೆಂದು ಎಲ್ಲರಿಗೂ ತೋರಿಸಿದಳು. ಅಂಗಡಿ ಗೊಂಬೆ ಎಂದು ಬಂದವರಿಗೆಲ್ಲ ಗೊತ್ತಿತ್ತು. ಹೊಗಳಿ, ಉಸಲಿ ತಿಂದು ಹೋದರು. ಅದನ್ನೆಲ್ಲ ಇಟ್ಟದ್ದು ಕ್ಲಬ್ಬಿನಲ್ಲಿ. ಉಸಲಿಯ ಪಾತ್ರೆಗೆ ಜಾಗ ಸಾಲಲಿಲ್ಲ. ಪಿಯಾನೊ ಮೇಲೆ ಇಡು ಎಂದರು. ಇಟ್ಟೆ.