ಬುಗುರಿಯ ಸಿಟ್ಟು, ಸೀಟಕ್ಕನ ಹಟ

ಬಸ್ ನಿಲ್ದಾಣದ ಹಿಂದಿನ ಗ್ಯಾರೇಜು ಸಾಲಿನಲ್ಲಿ ಸೀಟಕ್ಕನನ್ನು ತಿಳಿಯದವರಿಲ್ಲ. ಹರಿದ ಬಸ್ ಸೀಟಿನ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ಬದಲಿಸಿ, ದಪ್ಪ ಸೂಜಿಯಲ್ಲಿ ಮೂಲೆಗಳನ್ನು ಬಿಗಿದು ಹೊಲಿಯುವುದು ಅವಳ ಕಸುಬು. ಬಾಯಿ ಸ್ವಲ್ಪ ಜೋರು. ಕೆಲಸದಲ್ಲಿ ಕೊಂಕು ತೆಗೆಯುವ ಡ್ರೈವರಿಗೆ "ಹಾಗಾದ್ರೆ ನಿಂತ್ಕೊಂಡೇ ಓಡ್ಸಪ್ಪ" ಎಂದು ಸೂಜಿ ಕೆಳಗಿಡುವ ಹೆಂಗಸು.

ಅವಳ ಒಬ್ಬಳೇ ಮಗಳನ್ನು ಮನೆಯವರೆಲ್ಲ ಬುಗುರಿ ಎಂದು ಕರೆಯುತ್ತಿದ್ದರು. ನೆಟ್ಟಗೆ ನಡೆಯಲು ಬರುವ ಮೊದಲೇ ಕಿಟಕಿ ಹತ್ತಿದ ಹುಡುಗಿ. ಊಟದ ನಡುವೆ ಎದ್ದು ಓಡುವಳು, ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಮರೆಯುವಳು, ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಹೇಳುವಳು. "ಊರಿಗೆಲ್ಲ ಸೀಟು ಹೊಲಿತೀಯ, ಮಗಳನ್ನ ಒಂದ್ ಕಡೆ ಕೂರ್ಸೋಕೆ ಆಗಲ್ವಲ್ಲಕ್ಕ" ಎಂದು ಪಕ್ಕದ ಟೈರ್ ಅಂಗಡಿಯವನು ನಗುತ್ತಿದ್ದ. ಸೀಟಕ್ಕನೂ ನಗುತ್ತಿದ್ದಳು.

ಮಗಳು ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಆ ನಗು ನಿಂತಿತು. ಬುಗುರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಪೆನ್ಸಿಲ್ ಮೊನೆ ಮುರಿದರೆ ಸಿಟ್ಟು, ಯಾರಾದರೂ ಸುಮ್ಮನೆ ನೋಡಿದರೂ ಸಿಟ್ಟು. ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ಕುರ್ಚಿ ಎತ್ತಿ ಒಗೆದಳು. ಕಿಟಕಿಯ ಗಾಜು ಪುಡಿಪುಡಿಯಾಯಿತು.

ಹೆಡ್‌ಮೇಡಂ ಸೀಟಕ್ಕನನ್ನು ಕರೆಸಿದರು. "ನಿಮ್ಮ ಮಗಳ ಹಟ ಮಿತಿ ಮೀರಿದೆ. ಡಾಕ್ಟರಿಗೆ ತೋರಿಸಿ. ಇಲ್ಲ ಅಂದ್ರೆ ಬೇರೆ ಸ್ಕೂಲು ನೋಡ್ಕೊಳ್ಳಿ."

ಮನೆಯಲ್ಲಿ ಅತ್ತೆಗೆ ಅಷ್ಟು ದೂರ ಹೋಗುವ ಅಗತ್ಯವೇ ಕಾಣಲಿಲ್ಲ. "ಬೆನ್ನಿಗೆರಡು ಬಿಟ್ರೆ ಸರಿಹೋಗ್ತಾಳೆ ಕಣೇ. ನಮ್ಮ ಕಾಲದಲ್ಲಿ ತುಂಟತನಕ್ಕೆಲ್ಲ ಡಾಕ್ಟ್ರು ಎಲ್ಲಿದ್ರು?"

"ಅವಳ ಮೇಲೆ ಯಾರೂ ಕೈ ಮಾಡೋ ಹಾಗಿಲ್ಲ ಅತ್ತೆ. ನೀವೂ ಅಷ್ಟೇ, ನಿಮ್ಮ ಮಗನೂ ಅಷ್ಟೇ" ಎಂದಳು ಸೀಟಕ್ಕ. ಗಂಡ ತಲೆ ಎತ್ತದೆ ಊಟ ಮಾಡುತ್ತಿದ್ದ. ಅವನು ಕೈ ಮಾಡುವ ಜಾತಿಯವನೂ ಅಲ್ಲ, ಮಾತಾಡುವ ಜಾತಿಯವನೂ ಅಲ್ಲ.

ಮೊದಲು ತೋರಿಸಿದ್ದು ಹತ್ತಿರದ ಕ್ಲಿನಿಕ್ಕಿನಲ್ಲಿ. ಡಾಕ್ಟರು ಹುಡುಗಿ ಮೇಜಿನ ಮೇಲಿದ್ದುದನ್ನೆಲ್ಲ ಮುಟ್ಟುವುದನ್ನು ನೋಡಿ, ಗಮನ ನಿಲ್ಲದ ತೊಂದರೆ ಎಂದು ಮಾತ್ರೆ ಬರೆದರು. ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವಂತಿಲ್ಲ. ಬೋರ್ಡಿನ ಮೇಲಿದ್ದದ್ದು ಪೂರ್ತಿಯಾಗಿ ಪುಸ್ತಕಕ್ಕೆ ಇಳಿಯತೊಡಗಿತು. ಆದರೆ ಸಿಟ್ಟು ತಗ್ಗಲಿಲ್ಲ. ಊಟ ಸೇರದಾಯಿತು, ನಿದ್ದೆ ಹತ್ತದಾಯಿತು.

ಆಮೇಲೆ ದೊಡ್ಡ ಆಸ್ಪತ್ರೆ. ಅಲ್ಲಿನ ಕಿರಿಯ ಡಾಕ್ಟರಿಗೆ ಕೈತುಂಬ ಕೆಲಸ, ಬಾಗಿಲಾಚೆ ಉದ್ದದ ಸಾಲು. ಸಿಟ್ಟು, ನಿದ್ದೆ ಇಲ್ಲ, ಪಟಪಟ ಮಾತು ಎಂಬಷ್ಟನ್ನು ಕೇಳಿ, ಇದು ಮನಸ್ಸು ಅತಿ ಏರಿ ಅತಿ ಇಳಿಯುವ ಕಾಯಿಲೆ ಇದ್ದ ಹಾಗಿದೆ ಎಂದು ಇನ್ನೊಂದು ಮಾತ್ರೆ ಬರೆಯಲು ಹೊರಟ.

ಸೀಟಕ್ಕ ಎದ್ದು ನಿಲ್ಲಲಿಲ್ಲ. "ಸ್ಕೂಲಲ್ಲಿ ಹಟ ಅಂದ್ರು. ಅಲ್ಲಿ ಗಮನ ಇಲ್ಲ ಅಂದ್ರು. ನೀವು ಮೂರನೇದು ಹೇಳ್ತಿದೀರ. ಸಿಕ್ಕಸಿಕ್ಕವರೆಲ್ಲ ಚೀಟಿ ಅಂಟಿಸೋಕೆ ನನ್ನ ಮಗಳೇನು ಪಾರ್ಸೆಲ್ಲಾ ಡಾಕ್ಟ್ರೇ?"

"ನೋಡಿಮ್ಮ, ಹೊರಗೆ ಜನ ಕಾಯ್ತಿದಾರೆ."

"ನಾನೂ ಕಾದೇ ಬಂದೋಳು. ಯಾಕೆ ಅದು, ಯಾಕೆ ಇದಲ್ಲ ಅಂತ ಯಾರಾದ್ರೂ ಬಿಡಿಸಿ ಹೇಳೋವರೆಗೆ ಈ ಮಾತ್ರೆ ಅವಳ ಬಾಯಿಗೆ ಹೋಗಲ್ಲ. ನಾನೂ ಏಳಲ್ಲ."

ಆತನ ಮುಖ ಕೆಂಪಾಯಿತು. ಆದರೂ ಒಂದು ಒಳ್ಳೆಯ ಕೆಲಸ ಮಾಡಿದ. ಎದ್ದು ಹೋಗಿ, ಮಕ್ಕಳ ಮನಸ್ಸಿನ ಕಾಯಿಲೆಗಳನ್ನೇ ನೋಡುವ ಹಿರಿಯ ಡಾಕ್ಟರಮ್ಮನಿಗೆ ವಿಷಯ ಹೇಳಿ ಬಂದ. ಆಕೆ ಮುಂದಿನ ವಾರ ಬರಹೇಳಿದರು.

ಆ ದಿನ ಗಂಡನೂ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದ. ಡಾಕ್ಟರಮ್ಮ ಹುಡುಗಿಯನ್ನು ಕೂರಲು ಒತ್ತಾಯಿಸಲಿಲ್ಲ. ಅವಳು ಕೋಣೆ ಸುತ್ತುತ್ತಿರುವಾಗಲೇ ಕೇಳತೊಡಗಿದರು. ಈ ಓಡಾಟ, ಮರೆವು ಯಾವಾಗಿನಿಂದ? ಹುಟ್ಟಿದಾಗಿನಿಂದ ಎಂದಳು ಸೀಟಕ್ಕ. ಸಿಟ್ಟು? ಈ ವರ್ಷದಿಂದ. ನಿದ್ದೆಗೆಟ್ಟ ಮರುದಿನ ಹೇಗಿರುತ್ತಾಳೆ? ದಣಿವೇ ಇಲ್ಲದೆ, ಕುಣಿದಾಡುತ್ತ, ತಾನೇ ಎಲ್ಲರಿಗಿಂತ ದೊಡ್ಡವಳು ಎಂಬ ಹುಮ್ಮಸ್ಸಿನಲ್ಲಿ?

"ಎಲ್ಲಿಂದ ಬಂತು ಹುಮ್ಮಸ್ಸು, ಹಾಸಿಗೆಯಿಂದ ಎಳೆದು ಎಬ್ಬಿಸಬೇಕು" ಎಂದಳು.

"ಮೊದಲು ಇಷ್ಟಪಡ್ತಿದ್ದು, ಈಗ ಬಿಟ್ಟಿರೋದು ಏನಾದ್ರೂ ಇದೆಯಾ?"

"ಏನೂ ಇಲ್ಲ" ಎಂದು ಸೀಟಕ್ಕ ಬಾಯಿ ಮುಚ್ಚುವ ಮೊದಲೇ ಗಂಡ ಹೇಳಿದ: "ಸೈಕಲ್ ಮುಟ್ಟಿ ತಿಂಗಳುಗಳೇ ಆಯ್ತು. ಚಕ್ರದ ಗಾಳಿ ಹೋಗಿದೆ. ತುಂಬ್ಸು ಅಂತ ಕೇಳೂ ಇಲ್ಲ."

ಕಿಟಕಿಯ ಬಳಿ ನಿಂತಿದ್ದ ಬುಗುರಿ ತಿರುಗದೆ ಅಂದಳು: "ನನಗೆ ಯಾವುದೂ ಬೇಕು ಅನ್ಸಲ್ಲ."

ಸೀಟಕ್ಕನಿಗೆ ಮೈ ಉರಿಯಿತು. ಕಾಯಿಲೆಯ ಹೆಸರುಗಳನ್ನು ಎದುರಿಸಿ ನಿಂತವಳಿಗೆ ಈ ಮಾತನ್ನು ಎದುರಿಸಲಾಗಲಿಲ್ಲ. "ಇವಳಿಗೆ ಏನು ಕಡಿಮೆ ಮಾಡಿದೀವಿ ನಾವು? ಒಂಬತ್ತು ವರ್ಷದ ಮಗೂಗೆ ಎಂಥ ದುಃಖ?"

"ನೀವಿಬ್ರೂ ಸ್ವಲ್ಪ ಹೊರಗೆ ಕೂತಿರಿ" ಎಂದರು ಡಾಕ್ಟರಮ್ಮ.

"ನನ್ನ ಮಗಳನ್ನ ಬಿಟ್ಟು ನಾನ್ಯಾಕೆ ಹೋಗ್ಲಿ?"

"ಅಮ್ಮ, ಹೋಗು" ಎಂದಳು ಬುಗುರಿ. ಸಿಟ್ಟಿನಿಂದಲ್ಲ, ಬೇಡಿಕೊಂಡಳು.

ಸೀಟಕ್ಕ ಎದ್ದಳು. ಹೊರಗಿನ ಬೆಂಚಿನ ಮೇಲೆ ಗಂಡನ ಪಕ್ಕ ಕುಳಿತು, ಮುಚ್ಚಿದ ಬಾಗಿಲನ್ನೇ ನೋಡಿದಳು. ಇಡೀ ಜಗತ್ತಿನೊಡನೆ ಮಗಳ ಪರವಾಗಿ ಜಗಳಾಡುತ್ತ, ಮಗಳನ್ನೇ ಕೇಳುವುದು ಬಿಟ್ಟುಹೋಗಿತ್ತು. "ಸೈಕಲ್ ವಿಷಯ ನನಗ್ಯಾಕೆ ಹೇಳ್ಲಿಲ್ಲ?" ಎಂದು ಗಂಡನನ್ನು ಗದರಿದಳು. "ನೀನು ಬಿಡುವು ಕೊಟ್ಟಿದ್ರೆ ತಾನೆ" ಎಂದ ಅವನು. ಅವಳಿಗೆ ಅಳುವಿನ ನಡುವೆ ನಗು ಬಂತು.

ಮತ್ತೆ ಒಳಗೆ ಕರೆದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. ಇಲ್ಲಿ ಇರುವುದು ಎರಡು ಎಂದು ಅವರಿಗೆ ತೋರುತ್ತಿತ್ತು. ಗಮನ ನಿಲ್ಲದಿರುವುದು ಚಿಕ್ಕಂದಿನಿಂದ ಬಂದದ್ದು. ಒಳ್ಳೆಯ ದಿನ, ಕೆಟ್ಟ ದಿನ ಎಂದಿಲ್ಲದೆ ಯಾವಾಗಲೂ ಇರುವಂಥದ್ದು. ಅದರ ಮೇಲೆ ಈ ವರ್ಷ ಖಿನ್ನತೆ ಬಂದು ಕೂತಿದೆ. ದೊಡ್ಡವರಲ್ಲಿ ಅದು ಅಳುವಾಗಿ ಕಾಣುತ್ತದೆ, ಮಕ್ಕಳಲ್ಲಿ ಎಷ್ಟೋ ಸಲ ಸಿಟ್ಟಾಗಿ ಕಾಣುತ್ತದೆ. ಅದಕ್ಕೇ ಹಟ ಅನ್ನಿಸುತ್ತದೆ. ಏರಿಳಿತದ ಕಾಯಿಲೆಯಾದರೆ ಕೆಲವು ಕಾಲ ಮಗು ಬೇರೆಯೇ ಮಗುವಾಗಿ ಉಬ್ಬಿ ಹಾರಬೇಕು. ಇಲ್ಲಿ ಅದು ಕಾಣುತ್ತಿಲ್ಲ. ಊಟ, ನಿದ್ದೆ ಕೆಟ್ಟದ್ದರಲ್ಲಿ ಮೊದಲ ಮಾತ್ರೆಯ ಪಾಲೂ ಇರಬಹುದು, ಪ್ರಮಾಣ ಇಳಿಸಿ ನೋಡೋಣ. ವಾರವಾರ ಬಂದು ಮಾತಾಡಲಿ.

"ಯಾಕೆ ಬಂತು ಡಾಕ್ಟ್ರೇ? ನಾನೇನು ತಪ್ಪು ಮಾಡ್ದೆ?"

"ಕಾರಣ ಸಿಗಬಹುದು, ಸಿಗದೇನೂ ಇರಬಹುದು. ಯಾರೋ ತಪ್ಪು ಮಾಡಿರಲೇಬೇಕು ಅಂತಿಲ್ಲ. ನಾನು ಹೇಳ್ತಿರೋದೂ ಬದಲಾಗಬಹುದು. ತಿಂಗಳುಗಟ್ಟಲೆ ನೋಡಬೇಕು."

ತನ್ನ ಮಾತು ಬದಲಾಗಬಹುದು ಎಂದ ಮೊದಲ ವ್ಯಕ್ತಿ ಆಕೆ. ಸೀಟಕ್ಕ ಅದಕ್ಕೇ ನಂಬಿದಳು.

ಶಾಲೆಯೊಂದಿಗಿನ ಜಗಳ ಮಾತ್ರ ಅವಳು ಬಿಡಲಿಲ್ಲ. ಹೆಡ್‌ಮೇಡಂ ವರ್ಗಾವಣೆಯ ಕಾಗದವನ್ನು ಅವಳ ಮುಂದೆ ತಳ್ಳಿದಾಗ, ಮುಟ್ಟಲೂ ಇಲ್ಲ. "ಗಾಜು ಹಾಕಿಸಿಕೊಟ್ಟಿದೀನಿ. ಮಗಳನ್ನ ಕರ್ಕೊಂಡು ಹೋಗಲ್ಲ. ಜ್ವರ ಬಂದ ಮಗೂನ ಸ್ಕೂಲಿಂದ ತೆಗೀತೀರಾ ಮೇಡಂ? ಇದೂ ಹಾಗೇನೇ, ಸ್ವಲ್ಪ ಉದ್ದ ಅಷ್ಟೇ." ಕ್ಲಾಸ್ ಟೀಚರು ಅವಳ ಪರ ನಿಂತರು. ಸಿಟ್ಟು ಉಕ್ಕಿದಾಗ ಬುಗುರಿ ಯಾರನ್ನೂ ಕೇಳದೆ ವರಾಂಡಕ್ಕೆ ಹೋಗಿ ಬರಬಹುದು ಎಂದಾಯಿತು. ಹೆಡ್‌ಮೇಡಂ ಒಪ್ಪಿದರು, ಒಲಿಯಲಿಲ್ಲ.

ತಿಂಗಳುಗಳು ಎಳೆದಾಡಿದವು. ಒಂದು ವಾರ ಮೇಲು, ಮರುವಾರ ಮೊದಲಿನಂತೆ. ಒಮ್ಮೆ ಬುಗುರಿ ಎಸೆದ ಅತ್ತೆಯ ಕನ್ನಡಕ ಗೋಡೆಗೆ ಬಡಿಯಿತು. ಅತ್ತೆ ಕೈ ಎತ್ತಿದವರು, ಮೊಮ್ಮಗಳ ಮುಖ ನೋಡಿ ಇಳಿಸಿದರು. ಕ್ರಮೇಣ ತಟ್ಟೆ ಖಾಲಿಯಾಗತೊಡಗಿತು. ಒಂದು ಸಂಜೆ ಬುಗುರಿ ಅಪ್ಪನ ಬಳಿ ಸೈಕಲ್ ಪಂಪು ಕೇಳಿದಳು.

ಮರುವರ್ಷ ಶಾಲೆಯವರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ, ಹೆಡ್‌ಮೇಡಂ ಬುಗುರಿಗೆ ಮಾತ್ರ ಡಾಕ್ಟರ ಪತ್ರ ಬೇಕೆಂದರು. "ಎಲ್ಲ ಮಕ್ಕಳ ಹತ್ರ ಕೇಳಿ, ನಾನೂ ತರ್ತೀನಿ" ಎಂದಳು ಸೀಟಕ್ಕ. ಪತ್ರವಿಲ್ಲದೆಯೇ ಬುಗುರಿ ಬಸ್ಸು ಹತ್ತಿದಳು.

ಸಂಜೆ ಕೆಸರು ಮೆತ್ತಿದ ಶೂ ಹಾಕಿಕೊಂಡೇ ಮನೆಯೊಳಗೆ ಬಂದಳು.

"ಬರೋವಾಗ ಒಬ್ಳು ನನ್ನ ಹುಚ್ಚಿ ಅಂದ್ಳು. ಬಸ್ಸೆಲ್ಲ ಕೇಳೋ ಹಾಗೆ ಕೂಗಾಡ್ದೆ."

"ಹೊಡೆದ್ಯಾ?"

"ಇಲ್ಲ. ಮತ್ತೆ ಅಂದ್ರೆ ಮತ್ತೆ ಕೂಗ್ತೀನಿ ಅಂದೆ."

"ಕೂಗು" ಎಂದಳು ಸೀಟಕ್ಕ. "ಮೊದಲು ಶೂ ಬಿಚ್ಚು."