ಬುಡ ಎಲ್ಲೈತೆ?

ಐವತ್ತರ ದಶಕದಲ್ಲಿ ಚಿನ್ನದ ಗಣಿ ಪಕ್ಕದ ಆಂಡರ್ಸನ್‌ಪೇಟೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯಾಕೆಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಯಾರ ಮನೆಗೆ ಅಣಬೆ ಬಂದರೂ ಸೊಂಟಕ್ಕೆ ಕೈ ಕೊಟ್ಟು ಜಗಳಕ್ಕೆ ನಿಲ್ಲುತ್ತಿದ್ದಳು.

ಗುಡುಗಿ ಮಳೆ ಬಂದರೆ ಕ್ಯಾಸಂಬಳ್ಳಿ ಕಡೆಯ ಕುರುಚಲು ಕಾಡಿಗೆ ಮೊದಲು ಹೋಗುವವಳೂ ಆಕೆಯೇ. ಹುತ್ತದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣು ಬಿಡಿಸುತ್ತಿದ್ದಳು. ಹುತ್ತದ ಅಣಬೆಗೆ ಕೊಡೆಯ ನಡುವೆ ಚೂಪು ಮೊನೆ ಇರುತ್ತದೆ, ಕಾಂಡಕ್ಕೆ ಬಳೆ ಇರುವುದಿಲ್ಲ, ಬುಡ ಬೇರಿನ ಹಾಗೆ ಹುತ್ತದೊಳಕ್ಕೆ ಉದ್ದಕ್ಕೆ ಇಳಿದಿರುತ್ತದೆ; ವಿಷದ ಅಣಬೆಯ ಬುಡ ಹಾಗಿರುವುದಿಲ್ಲ. ಮುರಿದು ತಂದವರಿಗೆ ಆಕೆಯದು ಒಂದೇ ಮಾತು, "ಬುಡ ಎಲ್ಲೈತೆ?"

ಒಂದು ದಿನ ಗಣಿಯ ಶಿಫ್ಟ್ ಮುಗಿಸಿ ಬರುವಾಗ ಮೈದುನ ಟವೆಲ್ ತುಂಬ ಅಣಬೆ ತಂದ. ಅತ್ತೆ ಸಾರಿಗೆ ಬೆಳ್ಳುಳ್ಳಿ ಎಸಳು ಹಾಕಿದರು. ವಿಷವಿದ್ದರೆ ಅದು ಕಪ್ಪಾಗುತ್ತದೆಂದು ನಮ್ಮಲ್ಲಿ ನಂಬಿಕೆ. ಎಸಳು ಬೆಳ್ಳಗೇ ಇತ್ತು. ತಟ್ಟೆಗೆ ಮುದ್ದೆ ಇಡುವಷ್ಟರಲ್ಲಿ ವಾಸನೆ ಹಿಡಿದು ಆಕೆ ಬಂದಳು.

"ಬುಡ ಎಲ್ಲೈತೆ?"

"ಬುಡ ಯಾರು ತಿಂತಾರಕ್ಕ? ಮುರ್ಕಂಡು ಬಂದೆ," ಮೈದುನ ನಕ್ಕ.

ಆಕೆ ಸೆರಗಿನಿಂದ ಪಾತ್ರೆ ಹಿಡಿದೆತ್ತಿ ಅಷ್ಟೂ ಸಾರನ್ನು ಮೋರಿಗೆ ಸುರಿದಳು.

"ನಿನ್ ಕೈ ಸೇದೋಗ," ಅತ್ತೆ ಕೂಗಿದರು. "ಬೆಳ್ಳುಳ್ಳಿ ನೋಡೇ, ಕಪ್ಪಾಗೈತಾ?"

ಆಕೆ ಖಾಲಿ ಪಾತ್ರೆಯನ್ನು ಅತ್ತೆಯ ಮುಂದೆ ಕುಕ್ಕಿದಳು.

"ನಮ್ಮನೇಲೂ ಕಪ್ಪಾಗಿರ್ಲಿಲ್ಲ ಕಣಕ್ಕ. ಅವತ್ತು ಶನ್ವಾರ, ನಾನೊಬ್ಳೇ ಉಪ್ವಾಸ ಇದ್ದೆ. ಅದ್ಕೇ ಇವತ್ತು ನಿನ್ನತ್ರ ಬೈಸ್ಕಣಕ್ಕೆ ಬದ್ಕಿದೀನಿ."