ನಿಂತುಬಿಡುವ ಕಂಪ್ಯೂಟರು, ತಾನೇ ನಡೆಯುವ ರಾಜ

ಮೌಸ್ ಹಿಡಿದು ಕ್ವೀನನ್ನು ಎತ್ತಿದ್ದೆ. ಇನ್ನೊಂದು ಮನೆ ದಾಟಿಸಿ ಕೆಳಗಿಟ್ಟರೆ ಧಾರವಾಡದಲ್ಲಿ ಕೂತ ನನ್ನ ಗೆಳತಿಯ ಆನೆ ನನ್ನದು. ಅಷ್ಟರಲ್ಲಿ ನನ್ನ ಕ್ವೀನ್ ಎರಡು ಮನೆಗಳ ನಡುವೆ, ಕೆರೆಯಲ್ಲಿ ಒಂಟಿಕಾಲಿನ ಕೊಕ್ಕರೆ ನಿಂತ ಹಾಗೆ ನಿಂತುಬಿಟ್ಟಳು. ಬಾಣ ಅಲುಗಲಿಲ್ಲ. ಕೀಬೋರ್ಡಿನ ಎಲ್ಲಾ ಗುಂಡಿಗಳನ್ನೂ ಒತ್ತಿದೆ, ಹಾರ್ಮೋನಿಯಂ ಬಾರಿಸಿದ ಹಾಗೆ. ಪರದೆ ಮಾತ್ರ ಗೋಡೆಯ ಮೇಲಿನ ಫೋಟೋ ಆಗಿತ್ತು. ಅವಳ ಪರದೆಯ ಮೇಲಿನ ಆಟದ ಗಡಿಯಾರಕ್ಕೆ ಇದರ ಗೊಡವೆಯೇ ಇಲ್ಲ. ಅದು ಓಡಿ ಓಡಿ ನನ್ನ ಟೈಮ್ ಮುಗಿಸಿ ಅವಳನ್ನು ಗೆಲ್ಲಿಸಿತು.

ಇದು ಒಂದು ಸಲ ಆಗಿದ್ದರೆ ಬ್ಯಾಡ್ ಲಕ್ ಅಂತ ಬಿಡುತ್ತಿದ್ದೆ. ವಾರವಾರವೂ ಹೀಗೇ ಆಗುತ್ತಿತ್ತು.

ಈ ಗೆಳತಿಯೂ ನಾನೂ ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚದವರು. ಭಾನುವಾರ ಮಧ್ಯಾಹ್ನ ನಮ್ಮ ಬಾಯಿ ಮುಚ್ಚಿಸಲು ಸಿಸ್ಟರ್ ಒಬ್ಬರು ಚೆಸ್ ಕಲಿಸಿದರು. ಹಾಸ್ಟೆಲಿನ ಸೆಟ್ಟಿನಲ್ಲಿ ಒಂದು ಬಿಳಿ ಬಿಷಪ್ ಕಳೆದುಹೋಗಿತ್ತು. ರಜೆ ಮುಗಿಸಿ ಬರುವಾಗ ನಾನು ಮನೆಯಿಂದ ಒಂದು ಕಂಡಕಿ ತಂದೆ. ಮಗ್ಗದಲ್ಲಿ ಹೊಕ್ಕಿನ ನೂಲು ಸುತ್ತುವ ಸಣ್ಣ ಮರದ ಕಡ್ಡಿ ಅದು. ಬನಹಟ್ಟಿಯ ಕಂಡಕಿ ಬಿಷಪ್ಪಾಗಿ ಎಷ್ಟೋ ವರ್ಷ ಆ ಬೋರ್ಡಿನ ಮೇಲೆ ಓರೆಯಾಗಿ ಓಡಾಡಿತು. ಸಿಸ್ಟರ್ ಅದಕ್ಕೆ ‘ಅವರ್ ಬಿಷಪ್ ಫ್ರಮ್ ಬನಹಟ್ಟಿ’ ಅನ್ನುತ್ತಿದ್ದರು.

ಗೆಳತಿ ಆಟದಲ್ಲಿ ಜಾಣೆ, ನಿಯಮದಲ್ಲಿ ರಾಕ್ಷಸಿ. ‘ಟಚ್ ಮೂವ್’ ಅನ್ನುವುದು ಅವಳ ಮಂತ್ರ. ಯಾವ ಕಾಯಿ ಮುಟ್ಟಿದೆಯೋ ಅದನ್ನೇ ನಡೆಸಬೇಕು. ಒಮ್ಮೆ ನನ್ನ ರಾಜನ ತಲೆಯ ಮೇಲೆ ಚುರುಮುರಿ ಸೂಸಲಾದ ಒಂದು ಕಾಳು ಬಿದ್ದಿತ್ತು. ಅದನ್ನು ಬೆರಳಿಂದ ಒರೆಸಿದೆ, ಅಷ್ಟೇ. “ಮುಟ್ಟಿದಿ, ನಡಸು” ಅಂದಳು. ನಡೆಸಿದೆ, ಸೋತೆ. ಅಲ್ಲಿಂದ ಇಲ್ಲಿಯವರೆಗೆ, ಕೂದಲು ಬೆಳ್ಳಗಾಗಿ, ಕಣ್ಣಿನ ಆಪರೇಷನ್ ಆಗಿ, ಮೊಮ್ಮಕ್ಕಳು ಕಾಲೇಜು ಸೇರಿದರೂ ನಾನು ಅವಳನ್ನು ಒಂದೇ ಒಂದು ಸಲ ಸೋಲಿಸಿಲ್ಲ. ಆಸೆ ಮಾತ್ರ ಹಾಗೇ ಇದೆ, ಲಂಗದ ವಯಸ್ಸಿನದು.

ನಮ್ಮ ಮನೆಯ ಕಂಪ್ಯೂಟರು ಲಾಕ್‌ಡೌನಿನಲ್ಲಿ ಮೊಮ್ಮಗಳ ಆನ್‌ಲೈನ್ ಸಾಲೆಗೆಂದು ಬಂದದ್ದು. ಅವಳಿಗೆ ಲ್ಯಾಪ್‌ಟಾಪ್ ಬಂದ ಮೇಲೆ ಅದು ಪಡಸಾಲೆಯಿಂದ ನನ್ನ ಕೋಣೆಗೆ ಟ್ರಾನ್ಸ್‌ಫರ್ ಆಯಿತು, ಗೋಡೆಗೆ ಹತ್ತಿದ ಮೇಜಿನ ಮೇಲೆ. ಮೊಬೈಲಿನಲ್ಲಿ ಕಾಲಾಳು ಯಾವುದು, ಬಿಷಪ್ ಯಾವುದು ನನ್ನ ಕಣ್ಣಿಗೆ ತಿಳಿಯುವುದಿಲ್ಲ. ದೊಡ್ಡ ಪರದೆ ಸಿಕ್ಕ ದಿನವೇ ಗೆಳತಿಗೆ ಫೋನ್ ಮಾಡಿ ಮತ್ತೆ ಆಟ ಶುರು ಮಾಡಿದೆವು. ನನ್ನ ಕೋಣೆಗೆ ಬಂದ ಮೇಲೇ ಆ ಯಂತ್ರ ನಿಂತುನಿಂತು ಹೋಗತೊಡಗಿತು. ವಯಸ್ಸಾದವರ ಸಹವಾಸ ಅಂದುಕೊಂಡೆ.

ಮುಧೋಳದ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಸೊಸೆ ಮೊದಲು ಅದನ್ನು ಆಫ್ ಮಾಡಿ ಆನ್ ಮಾಡಿದಳು. ಆಮೇಲೆ ಮದುವೆಯ ಫೋಟೋಗಳನ್ನೆಲ್ಲ ಅಳಿಸಿ ಜಾಗ ಮಾಡಿದಳು. ವೈರಸ್ ಹುಡುಕುವ ಪ್ರೋಗ್ರಾಂ ಹಾಕಿದಳು. ಅದು ಅರ್ಧ ಹುಡುಕಿ ತಾನೇ ನಿಂತಿತು. ನಾನು ಬೆಳಗಿನ ಪೂಜೆ ಮುಗಿಸಿ ಮಾನಿಟರಿನ ಹಣೆಗೆ ವಿಭೂತಿ ಹಚ್ಚಿದೆ. ಕಾನ್ವೆಂಟಿನಲ್ಲಿ ಕಲಿತವಳು ಹೀಗೆ ಮಾಡಬಹುದೇ ಎಂದು ಕೇಳಬೇಡಿ, ಎಕ್ಸಾಮ್ ದಿನ ನಾವು ಚಾಪೆಲ್ಲಿನಲ್ಲೂ ಮಂಡಿ ಊರಿದವರು, ಹಣೆಗೂ ವಿಭೂತಿ ಹಚ್ಚಿಕೊಂಡವರು.

ಕೊನೆಗೆ ಜಮಖಂಡಿಯಿಂದ ರಿಪೇರಿಯವರು ಬಂದರು. ಡಬ್ಬಿ ಬಿಚ್ಚಿ, ಒಳಗಿನ ಒಂದು ಪಟ್ಟಿ ತೆಗೆದು, ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದರು. ಹಚ್ಚಿದರೆ ಅವರ ಎದುರಿಗೇ ಮತ್ತೆ ನಿಂತಿತು. ಅಂಗಡಿಗೆ ಒಯ್ದು ನೋಡುತ್ತೇನೆ ಅಂದರು. ನನ್ನ ಮಗ ಡಬ್ಬಿಗೆ ಹಳೆಯ ದುಪಟ್ಟಾ ಹೊದಿಸಿ ಗಾಡಿಯ ಮೇಲೆ ಜಮಖಂಡಿಗೆ ಒಯ್ದ. ಅಲ್ಲಿ ಅದು ಹಗಲೆಲ್ಲ ಓಡಿತಂತೆ, ಒಂದು ಕ್ಷಣವೂ ನಿಲ್ಲದೆ. ಡಾಕ್ಟರ ಮುಂದೆ ಹೋದ ಕೂಡಲೇ ಕೂಸಿನ ಜ್ವರ ಇಳಿಯುತ್ತದಲ್ಲ, ಹಾಗೆ. ದುಪಟ್ಟಾ ಹೊದ್ದು ಮರಳಿ ಬಂತು, ಮೇಜಿನ ಮೇಲೆ ಕೂತಿತು, ನಿಂತಿತು. ರಿಪೇರಿಯವರು ಫೋನಿನಲ್ಲಿ ಬಹಳ ವಿನಯದಿಂದ, ಕಂಪ್ಯೂಟರ್ ನೆಟ್ಟಗಿದೆ, ನೀವು ಹೇಗೆ ಬಳಸುತ್ತೀರಿ ನೋಡಿಕೊಳ್ಳಿ ಅಂದರು.

ಒಂದು ಅಮಾವಾಸ್ಯೆಯ ದಿನ ಮಾತ್ರ ಅದು ಬೆಳಗಿನಿಂದ ಸಂಜೆಯವರೆಗೆ ಜಿಂಕೆಯ ಹಾಗೆ ಓಡಿತು. ನಾವೆಲ್ಲ ಬೆರಗಾದೆವು. ಮರುದಿನ ಮತ್ತೆ ಹಳೆಯ ಕಥೆ. ಮುಂದಿನ ಅಮಾವಾಸ್ಯೆಗೆ ಮತ್ತೆ ಓಟ. “ಅತ್ತ್ಯಾರ, ನಿಮ್ಮ ಕಂಪ್ಯೂಟರಿಗೆ ಅಮಾಸಿ ಕೂಡಿ ಬರತೈತ್ರಿ” ಎಂದು ಸೊಸೆ ನಕ್ಕಳು. ನಾನು ಕ್ಯಾಲೆಂಡರಿನಲ್ಲಿ ಮುಂದಿನ ಅಮಾವಾಸ್ಯೆ ಹುಡುಕಿದೆ. ಅದು ಬರುವ ತನಕ ಗೆಳತಿ ಎಲ್ಲಿ ತಡೆದಾಳು.

ಅಷ್ಟರಲ್ಲಿ ಅವಳ ಮಾತು ಹರಿತವಾಗಿತ್ತು. “ನಿನ್ನ ಕಂಪ್ಯೂಟರಿಗೆ ಭಾಳ ಮರ್ಯಾದಿ ಐತಿ ಬೇ. ನೀ ಸೋಲೂದು ನೋಡಲಾರದ ಕಣ್ಣ ಮುಚ್ಚತೈತಿ” ಎನ್ನುತ್ತಿದ್ದವಳು ಒಂದು ದಿನ ನಗದೆ ಹೇಳಿದಳು: “ನಾಟಕ ಸಾಕು. ನಾನೇ ಬಂದು ನೋಡತೇನಿ. ಖರೆ ಇದ್ರ ಆಡೂಣು. ಸುಳ್ಳಿದ್ರ ನಂದು ನಿಂದು ಇದೇ ಕಡೀ ಆಟ.”

ನಾನು ಸೋಲಬಲ್ಲೆ, ರೂಢಿಯಿದೆ. ಸುಳ್ಳಿ ಅನ್ನಿಸಿಕೊಳ್ಳಲಾರೆ, ಅದೂ ಅವಳಿಂದ. ಈ ವಾರವಾರದ ಆಟ ನಿಂತರೆ ನನ್ನನ್ನು ‘ಬೇ’ ಅನ್ನುವವರು ಈ ಭೂಮಿಯ ಮೇಲೆ ಬೇರೆ ಯಾರೂ ಉಳಿದಿಲ್ಲ. ಓಣಿಗೆಲ್ಲ ನಾನು ‘ಬಾಯಾರು’. ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟ ಬಾಯಾರು.

ಹೇಳಿದ ಹಾಗೆ ಭಾನುವಾರ ಬನಹಟ್ಟಿಗೆ ಬಂದಳು, ಲೋಕಾಪುರದಲ್ಲಿ ಬಸ್ ಬದಲಿಸಿ, ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ. ಸ್ವಲ್ಪ ಬಾಗಿದ್ದಾಳೆ, ಆದರೆ ಮೂಗು ಹಾಗೇ ಇದೆ, ಹಾಸ್ಟೆಲಿನಲ್ಲಿ ಪ್ರಿಫೆಕ್ಟಾಗಿದ್ದಾಗಿನ ಮೂಗು. ನೀರು ಕುಡಿದವಳೇ ನನ್ನ ಕೋಣೆಗೆ ನಡೆದು, ಸೊಂಟ ಹಿಡಿದುಕೊಂಡು ಬಗ್ಗಿ, ಮೇಜಿನ ಕೆಳಗೆ ನನ್ನ ಕಾಲಿಗೆ ಸಿಗುವಂತೆ ಏನಾದರೂ ಸ್ವಿಚ್ ಇದೆಯೇ ಎಂದು ನೋಡಿದಳು. ನಾನು ಕಂಪ್ಯೂಟರು ಹಚ್ಚಿದೆ. ಅವಳು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತನ್ನ ಫೋನಿನಿಂದ ಆಡಿದಳು.

ಕಂಪ್ಯೂಟರು ನಿಲ್ಲಲಿಲ್ಲ.

ನಾನು ದೇವರನ್ನು ಬೇಡಿಕೊಂಡೆ, ಒಂದು ಸಲ ನಿಲ್ಲು ಮಾರಾಯ ಎಂದು. ಎಂಥ ದಿನ ಬಂತು ನೋಡಿ, ಜಮಖಂಡಿಯವರೆಗೆ ಓಡಾಡಿಸಿ ಗುಣಪಡಿಸಲು ಹೊರಟ ರೋಗವನ್ನೇ ಕೈಮುಗಿದು ಕರೆಯುತ್ತಿದ್ದೆ. ಅದು ಬೆಣ್ಣೆಯ ಹಾಗೆ ಓಡಿತು. ನಾನು ಗಾಬರಿಯಲ್ಲಿ ಬೇಗ ಸೋತೆ. ಗೆಳತಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಫೋನನ್ನು ಚೀಲಕ್ಕೆ ಹಾಕಿದಳು. ಊಟಕ್ಕೆ ಕೂತೆವು. ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಊಟವಾದ ಮೇಲೆ ಅವಳು ತನ್ನ ಚೀಲದಿಂದ ಮರದ ಬೋರ್ಡು ತೆಗೆದಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಕೈಯಲ್ಲಿ ಕಾಯಿ ಹಿಡಿದು ಒಂದಾಟ ಆಡಿ ಮುಗಿಸೋಣ ಅಂದಳು. ಮುಗಿಸೋಣ ಅನ್ನುವ ಮಾತು ನನಗೆ ಚುಚ್ಚಿತು. ಕಂಪ್ಯೂಟರಿನ ಮೇಜಿನ ಮೇಲೇ ಜಾಗ ಮಾಡಿ ಬೋರ್ಡು ಇಟ್ಟೆವು.

ಆಟ ಅರ್ಧಕ್ಕೆ ಬಂದಾಗ ಅವಳು ಕಿವಿ ಮುಚ್ಚಿಕೊಂಡಳು. “ಇದೇನ ಗದ್ದಲಾ ಬೇ ಇದು?”

“ಯಾವ ಗದ್ದಲಾ?” ಅಂದೆ. ಖರೆ ಹೇಳುತ್ತೇನೆ, ನನಗೇನೂ ಕೇಳಿಸಿರಲಿಲ್ಲ.

ಅವಳು ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನನ್ನೂ ನೋಡಿ ತಲೆ ಅಲ್ಲಾಡಿಸಿ ಆಟಕ್ಕೆ ತಿರುಗಿದಳು. ಸೊಸೆ ಚಹಾ ತಂದಿಟ್ಟಳು. ಗೆಳತಿ ಬಹಳ ಹೊತ್ತು ಯೋಚಿಸಿ, ಒಂದು ಗುಟುಕು ಕುಡಿದು, ತನ್ನ ರಾಜನನ್ನು ಎರಡು ಬೆರಳಲ್ಲಿ ಹಿಡಿದು ಅವನ ಮನೆಯ ನಡುವೆ ನೆಟ್ಟಗೆ ಇಟ್ಟಳು.

ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ನನ್ನೊಳಗೆ ಕೂತಿದ್ದ ಚುರುಮುರಿಯ ಕಾಳು ಎದ್ದು ನಿಂತಿತು. “ಮುಟ್ಟಿದಿ,” ಅಂದೆ. “ನಡಸು.”

“ನಾ ನಡಸಾಕ ಮುಟ್ಟಿಲ್ಲ. ಗೆರಿ ಮ್ಯಾಲೆ ಬಂದು ನಿಂತಿದ್ದ, ಜಾಗಾಕ್ಕ ಇಟ್ಟೆ.”

“ಟಚ್ ಮೂವ್.”

“ಅಂವ ತಾನೇ ಸರದಾನ ಬೇ.”

“ಕಟಗೀ ರಾಜಗ ಕಾಲ ಬಂದಾವೇನ?”

ಅವಳ ಮುಖ ಕೆಂಪಾಯಿತು. ರಾಜನನ್ನು ಮತ್ತೆ ಮನೆಯ ನಡುವೆ ಕುಕ್ಕಿ, “ನೋಡು, ಕಣ್ಣ ತಗದು ನೋಡು” ಅಂದಳು. ಇಬ್ಬರೂ ಮೂಗು ಬೋರ್ಡಿಗೆ ತಾಗುವ ಹಾಗೆ ಬಾಗಿದೆವು. ರಾಜ ಚಳಿಗೆ ನಡುಗುವ ಮುದುಕನ ಹಾಗೆ ಸಣ್ಣಗೆ ನಡುಗುತ್ತಿದ್ದ. ನಡುಗುತ್ತ ನಡುಗುತ್ತ ಮೆಲ್ಲಗೆ ಮೈ ತಿರುಗಿಸಿ, ಯಾರೂ ನೋಡುತ್ತಿಲ್ಲ ಎಂಬಂತೆ, ಗೆರೆಯ ಕಡೆ ಹೊರಟ. ಅವನ ಹಿಂದೆ ಒಂದು ಕಾಲಾಳು. ಚಹಾದ ಲೋಟದಲ್ಲಿ ಸಣ್ಣ ಸಣ್ಣ ಅಲೆ.

ಇಬ್ಬರೂ ಒಟ್ಟಿಗೇ ತಲೆ ಎತ್ತಿ ಗೋಡೆಯ ಕಡೆ ನೋಡಿದೆವು. ಗೋಡೆಯ ಆಚೆ ಪಕ್ಕದ ಮನೆಯ ಪವರ್‌ಲೂಮ್ ಶೆಡ್ಡು. ಖಟಾಪಟಾ, ಖಟಾಪಟಾ. ಆ ಸದ್ದಿನಲ್ಲೇ ಹುಟ್ಟಿದ್ದೇನೆ, ಅದೇ ಸದ್ದಿನಲ್ಲಿ ಮಕ್ಕಳನ್ನು ಮಲಗಿಸಿದ್ದೇನೆ. ನಮ್ಮ ಓಣಿಯಲ್ಲಿ ಅದನ್ನು ಯಾರೂ ಸದ್ದು ಅನ್ನುವುದಿಲ್ಲ. ನಮ್ಮ ಎದೆಬಡಿತ ನಮಗೆ ಕೇಳಿಸುತ್ತದೆಯೇ?

ಗೆಳತಿಗೆ ತನ್ನ ಮಾತಿನ ಅರ್ಥ ಆಗಲೇ ಹೊಳೆಯಿತು. ರಾಜ ತಾನೇ ನಡೆದ ಎಂದರೆ ಮೇಜು ನಡುಗುತ್ತದೆ ಎಂದಾಯಿತು. ಮೇಜು ನಡುಗಿದರೆ ಅದರ ಮೇಲಿನ ಕಂಪ್ಯೂಟರು ನಿಂತೀತು, ನಾನು ಸುಳ್ಳಿ ಅಲ್ಲ. ಮೇಜು ನಡುಗುವುದಿಲ್ಲ ಅಂದರೆ ರಾಜನನ್ನು ಮುಟ್ಟಿದವಳು ಅವಳು, ನಡೆಸಬೇಕು. ನಾನು ಕೈ ಕಟ್ಟಿ ಕೂತೆ. ನನ್ನ ಜನ್ಮದಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಕೂತಿರಲಿಲ್ಲ.

“ಕಂಪ್ಯೂಟರ್ ಹಚ್ಚು” ಅಂದಳು, ಸೋತ ದನಿಯಲ್ಲಿ. ಹಚ್ಚಿದೆ. ಸ್ವಲ್ಪ ಹೊತ್ತಿಗೆ, ಬಂಗಾರದಂಥ ಯಂತ್ರ, ನಿಂತಿತು.

ಸೊಸೆ ಪಕ್ಕದ ಮನೆಗೆ ಹೋಗಿ ಒಂದು ಗಳಿಗೆ ಮಗ್ಗ ನಿಲ್ಲಿಸಿ ಎಂದು ಕೇಳಿದಳು. ಅವರ ಶೆಡ್ಡಿನಲ್ಲಿ ಊಟದ ಹೊತ್ತಿಗೆ ಮತ್ತು ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ಅದು ಬಿಟ್ಟರೆ ಸಾವಾದಾಗ ಮಾತ್ರ. ಮಾಲೀಕರು ಹೆದರಿ ತಾವೇ ಓಡಿಬಂದರು. “ಯಾಕ್ರಿ ಬಾಯಾರ, ಯಾರಿಗೆ ಏನಾತ್ರಿ?”

“ರಾಜಾಗ ಆರಾಮಿಲ್ಲರಿ,” ಅಂದಳು ಗೆಳತಿ.

ಮಗ್ಗ ನಿಂತಿತು. ಊಟದ ಹೊತ್ತಿಗೆ ದಿನವೂ ನಿಲ್ಲುತ್ತಿದ್ದದ್ದೇ, ನಾನು ಕಿವಿಗೊಟ್ಟದ್ದು ಇದೇ ಮೊದಲು. ಗಡಿಯಾರದ ಟಿಕ್ ಟಿಕ್ ಕೇಳಿತು. ದೂರ ಯಾರೋ ಹಸುವನ್ನು ಕರೆದದ್ದು ಕೇಳಿತು. ಒಂದು ಕ್ಷಣ ನನಗೆ ತೀರಿಕೊಂಡ ನಮ್ಮ ಯಜಮಾನರ ಕೆಮ್ಮು ಬೇಕೆನಿಸಿತು, ಅದನ್ನೂ ಈ ಸದ್ದಿನ ಜೊತೆ ಕೇಳಿಸಿಕೊಳ್ಳದೆ ಬಿಟ್ಟೆನೇನೋ. ಅಷ್ಟರಲ್ಲಿ ಸೊಸೆ ಕಂಪ್ಯೂಟರು ಮತ್ತೆ ಹಚ್ಚಿದಳು. ಓಡಿತು. ಮಾಲೀಕರು ಕಿಟಕಿಯಿಂದ ಕೂಗಿ ಮಗ್ಗ ಶುರು ಮಾಡಿಸಿದರು. ಕಂಪ್ಯೂಟರು ನಿಂತಿತು. ಮಗ್ಗ ನಿಲ್ಲಿಸಿದರು, ನಾವು ಹಚ್ಚಿದೆವು, ಓಡಿತು. ಅವರಿಗೆ ಇದು ಎಷ್ಟು ಹಿಡಿಸಿತೆಂದರೆ ಸಾಕು ಅಂದರೂ ಬಿಡಲೊಲ್ಲರು. ಓಣಿಯ ಹೆಂಗಸರು ಬಾಗಿಲಲ್ಲಿ ಸೇರಿದರು. ನಾನೂ ಗೆಳತಿಯೂ ಒಬ್ಬರ ಹೆಗಲು ಒಬ್ಬರು ಹಿಡಿದು, ಹಾಸ್ಟೆಲಿನಲ್ಲಿ ಚಾದರ ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವಲ್ಲ, ಹಾಗೆ ನಕ್ಕೆವು. ಈಗ ತುರುಕಿಕೊಳ್ಳಲು ಸೆರಗು.

ಫೋನಿನಲ್ಲಿ ಕೇಳಿದಾಗ ಜಮಖಂಡಿಯ ರಿಪೇರಿಯವರು, ಒಳಗೆ ಯಾವುದೋ ವೈರ್ ಸಡಿಲಾಗಿರಬೇಕು, ನಡುಗಿದಾಗ ಬಿಡುತ್ತದೆ, ಬಂದು ಬಿಗಿ ಮಾಡುತ್ತೇನೆ ಅಂದರು. ಅಲ್ಲಿಯವರೆಗೆ ಮೇಜನ್ನು ಎದುರು ಗೋಡೆಗೆ ಸರಿಸಿ, ಡಬ್ಬಿಯ ಕೆಳಗೆ ನನ್ನ ಹಳೆಯ ಕೌದಿ ಮಡಚಿ ಹಾಸಿದೆವು. ಕೌದಿಯ ಮೇಲೆ ಕೂತ ಮೇಲೆ ಅದು ನಿಲ್ಲಲಿಲ್ಲ.

ಆಟ ಮಾತ್ರ ಅಲ್ಲೇ ಉಳಿಯಿತು. “ನೀ ನಿರ್ದೋಷಿ, ನಿನ್ನ ಕಂಪ್ಯೂಟರೂ ನಿರ್ದೋಷಿ, ಆತ? ಆದ್ರ ಆಟ ರದ್ದು” ಎಂದಳು ಹೊರಡುವಾಗ. ಬೋರ್ಡನ್ನು ನನ್ನಲ್ಲೇ ಬಿಟ್ಟಳು. ನಾನು ಕಾಯಿಗಳನ್ನು ಅಲುಗಿಸದೆ ಮಂಚದ ಮೇಲಿಟ್ಟೆ. ಅರ್ಧ ಸಿಕ್ಕಿತಲ್ಲ, ಸಾಕು ಅಂದುಕೊಂಡೆ. ಸಾಕಾಗಿರಲಿಲ್ಲ.

ಹೊತ್ತು ಮುಳುಗುವ ಮೊದಲು ಕಂಪ್ಯೂಟರಿನಲ್ಲಿ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಅವಳ ಮೂಗು, ಹಿಂದೆ ಲೋಕಾಪುರದ ಬಸ್ ಸ್ಟ್ಯಾಂಡು. ಬೋರ್ಡು ಕ್ಯಾಮರಾದ ಮುಂದೆ ಇಡು ಎಂದಳು. ತಂದಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಮುಟ್ಟಿದ್ದು ಮುಟ್ಟಿದ್ದೇ. ನನ್ನ ರಾಜನ್ನ ಎಡಕ್ಕ ಒಂದು ಮನಿ ಸರಸು.”

ಸರಿಸಿದೆ. ನನ್ನ ಕ್ವೀನಿಗೆ ಬಾಗಿಲು ತೆರೆದುಕೊಂಡಿತು. ಅವಳನ್ನು ಎತ್ತಿ ಕೊನೆಯ ಮನೆಗೆ ಇಟ್ಟೆ. “ಚೆಕ್‌ಮೇಟ್,” ಅಂದೆ. 

 ಪರದೆಯ ಮೇಲೆ ಅವಳ ಮುಖ ಇದ್ದ ಹಾಗೇ ಇತ್ತು, ಕಣ್ಣು ಮಿಟುಕಿಸದೆ, ತುಟಿ ಅಲುಗದೆ.  ಕಂಪ್ಯೂಟರು ಮತ್ತೆ ನಿಂತಿತಲ್ಲ, ಇವತ್ತೇ, ಈಗಲೇ. ಮೌಸಿಗೆ ಕೈ ಹಾಕಿದೆ.

ಆಗ ಅವಳ ಕಿವಿಯ ಹಿಂದಿನಿಂದ ಒಂದು ಕೆಂಪು ಬಸ್ಸು ಮೆಲ್ಲಗೆ ಹೊರಳಿ, ಧೂಳೆಬ್ಬಿಸಿ, ಪರದೆಯ ಈ ತುದಿಯಿಂದ ಆ ತುದಿಗೆ ಹೋಯಿತು.